ಕ್ಯಾಲ್ಕುಲೇಟರಿನಲ್ಲಿ ಬಿಟ್ಟುಹೋದ ‘ಹ’

ಗೆಳೆಯರೇ, ಇವತ್ತು ಲ್ಯಾಬಿನಲ್ಲಿ ಒಂದು ‘ಹ’ಕ್ಕಾಗಿ ವಾದ ಮಾಡಿ ಸೋತು ಬಂದಿದ್ದೇನೆ.

ಕೋಟೆ ಪಟ್ಟಣದ ನಮ್ಮ ಕಾಲೇಜಿನ ಮೊದಲ ವರ್ಷದ ಶೋಭಾ, ಸಿ ಭಾಷೆಯಲ್ಲಿ ತಾನು ಬರೆದ ಕ್ಯಾಲ್ಕುಲೇಟರ್ ತೋರಿಸಿದಳು. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಸರಿಯಿತ್ತು. ಎಂಟನ್ನು ಸೊನ್ನೆಯಿಂದ ಭಾಗಿಸಿ ನೋಡಿದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು: ‘ಯಾರೂ ಇಲ್ಲ, ಯಾರ್ಗೆ ಅಂಚ್ಲಿ?’

“ಏನಮ್ಮ ಇದು? ಎರರ್ ಅಂತ ಹಾಕಬೇಕಲ್ವಾ?”

“ಎರರ್ ಅಂದ್ರೆ ಕೆಟ್ಟೋಯ್ತು ಅನ್ಕತಾರೆ ಸಾರ್. ಇದು ಕೆಟ್ಟಿಲ್ವಲ್ಲ, ಅಂಚಕ್ಕೆ ಜನ ಇಲ್ಲ ಅಷ್ಟೆ.”

ಮಾತು ಸರಿಯೆನಿಸಿತು. ಆದರೂ ಮೇಷ್ಟ್ರಾದ ಮೇಲೆ ಏನಾದರೂ ತಿದ್ದಲೇಬೇಕಲ್ಲ. “ಅದು ‘ಹಂಚ್ಲಿ’ ಕಣಮ್ಮ, ‘ಹ’ ಬಿಟ್ಟುಹೋಗಿದೆ” ಎಂದು ಒತ್ತಿ ಹೇಳಿದೆ.

ಒಂದು ಎಚ್ ಸೇರಿಸಿ ಮತ್ತೆ ಓಡಿಸಿದಳು. ಜೋರಾಗಿ ಓದಿದಳು: “ಯಾರ್ಗೆ ಅಂಚ್ಲಿ?”

“ಎಚ್ ಎಲ್ಲಿ ಹೋಯ್ತು?”

“ಅಲ್ಲೇ ಅದೆ ನೋಡಿ ಸಾರ್. ಬೇಕಾರೆ ನೀವೇ ಓದಿ.”

ಓದಿದೆ. ನನ್ನ ಬಾಯಲ್ಲೂ ‘ಅಂಚ್ಲಿ’ ಎಂದೇ ಬಂತು. ಇಡೀ ಲ್ಯಾಬ್ ನಕ್ಕಿತು.

ಪೂರ್ತಿ ಅಂಕ ಕೊಟ್ಟೆ. ಹುಟ್ಟಿದ ಹಂಪಾಪುರವನ್ನೇ ಅಂಪಾಪುರ ಅನ್ನುತ್ತ ಬೆಳೆದವನು ಇನ್ನೇನು ಮಾಡಲಿ.