ತಾಯಿ ಕ್ಲಾಸಿನ ಮೊದಲ ಸಾಲು

ಕಳೆದ ವಾರ ಮೂಡಲಗಿಯಲ್ಲಿ ನಾನು ಕಲಿಸುವ ಕಾಲೇಜಿನ ಕಪಾಟು ತೆಗೆದಾಗ ಹಳೆಯ ಫ್ಲಾಪಿ ಡಬ್ಬಿಯೊಂದರಿಂದ ಡಾಂಬರು ಗುಳಿಗೆಯ ವಾಸನೆ ಬಂತು. ನಾನು ಕಲಿತ ಗೋಕಾಕದ ಕಂಪ್ಯೂಟರ್ ಕ್ಲಾಸಿನ ಮೇಡಂ, ಫ್ಲಾಪಿಗಳಿಗೆ ಬೂಷ್ಟು ಹಿಡಿಯದಿರಲೆಂದು ಹೀಗೆಯೇ ಗುಳಿಗೆ ಇಡುತ್ತಿದ್ದರು...

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಮೇಡಂ ಹುಕ್ಕೇರಿಯ ಜೈನರ ಮನೆಯವರು. ದಿನವೂ ಬಸ್ಸಿನಲ್ಲಿ ಬಂದು, ಹೊತ್ತು ಮುಳುಗುವ ಮುಂಚೆ ಊಟವಾಗಬೇಕೆಂದು ನಾಲ್ಕಕ್ಕೇ ಹೊರಡುತ್ತಿದ್ದರು.

ಪ್ರೋಗ್ರಾಮಿನಲ್ಲಿ ಕ್ಲಾಸು ಎಂದರೆ ಒಂದು ಅಚ್ಚು, ಅದರಿಂದ ತೆಗೆದದ್ದು ಆಬ್ಜೆಕ್ಟ್. ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸು ಹುಟ್ಟುವುದನ್ನು ಅವರು ತಾಯಿ-ಮಗಳು ಎಂದೇ ಹೇಳಿಕೊಟ್ಟರು. "ಮಗಳ ಆಬ್ಜೆಕ್ಟ್ ಹುಟ್ಟೂವಾಗ ಮೊದಲ ತಾಯಿ ಕನ್‌ಸ್ಟ್ರಕ್ಟರ್ ಓಡತೈತ್ರಿ, ಅಂದ್ರ ಹುಟ್ಟಿಸೂ ಸಾಲುಗಳು. ನೀವು ಕರೀಬೇಕಂತ ಏನಿಲ್ಲ, ಆಕಿ ತಾನಾಗೇ ಬರತಾಳ." ತಾಯಿ ಕ್ಲಾಸನ್ನು ಅವರೇ ಬರೆದಿಟ್ಟಿದ್ದರು, ಆ ಒಂದೇ ಫೈಲಿನಿಂದ ನಾವೆಲ್ಲ ನಮ್ಮ ನಮ್ಮ ಕ್ಲಾಸು ಹುಟ್ಟಿಸಬೇಕು. ನನ್ನದನ್ನು ಓಡಿಸಿದಾಗ, ನಾನು ಬರೆದದ್ದಕ್ಕಿಂತ ಮೊದಲು ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಸಾಲು ಮೂಡಿತು: ಬಂದಿ ಏನವಾ? ಕೈಕಾಲ ತೊಳಕೋ.

ನಾವು ನಕ್ಕೆವು. ಮೇಡಂ ನಗಲಿಲ್ಲ.

ಮುಂದಿನ ವಾರ, ಆಬ್ಜೆಕ್ಟ್ ಅಳಿಯುವಾಗ ಓಡುವ ಡಿಸ್ಟ್ರಕ್ಟರಿನ ಪಾಠ. "ಹೋಗೂವಾಗ ಉಲ್ಟಾ ರಿ. ಮೊದಲ ಮಗಳು ಹೋಗತಾಳ, ಆಮ್ಯಾಲ..." ಅಷ್ಟಕ್ಕೇ ಸೀಮೆಸುಣ್ಣ ಇಟ್ಟು ಹೊರಗೆ ಹೋದರು. ಪಕ್ಕದಲ್ಲಿದ್ದ ಹುಕ್ಕೇರಿಯ ಗೆಳತಿ ಮೆಲ್ಲಗೆ ಹೇಳಿದಳು: "ಹ್ವಾದ ವರ್ಷ ಇವರ ಮಗಳು ಧುಪದಾಳ ಡ್ಯಾಮಿನಾಗ ನೀರಿಗೆ ಬಿದ್ದು ಹ್ವಾದ್ಳು. ಸಾಲಿಯಿಂದ ಬಂದ ಕೂಡ್ಲೇ ಆಕಿಗೆ ಹಿಂಗ, ಕೈಕಾಲ ತೊಳಕೋ ಅಂತಿದ್ರಂತ."

ಆಮೇಲೆ ಆ ಸಾಲು ಕಂಡಾಗಲೆಲ್ಲ, ಬೆನ್ನ ಹಿಂದೆ ಯಾರೋ ಸಣ್ಣವರು ಚಪ್ಪಲಿ ಬಿಡುತ್ತಿರುವಂತೆ ಅನ್ನಿಸುತ್ತಿತ್ತು. ಅಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಒಂದು ಸೋಮವಾರ ಮೇಡಂ ಬರಲಿಲ್ಲ. ಕಾಯುತ್ತ ಕುಳಿತವಳು ನನ್ನ ಪ್ರೋಗ್ರಾಮ್ ಕಂಪೈಲ್ ಮಾಡಿ ಓಡಿಸಿದೆ. ಸಾಲು ಬದಲಾಗಿತ್ತು: ಅಲ್ಲೇ ನಿಂದರವಾ, ಬರಾಕತ್ತೇನಿ.

ಮತ್ತೆ ಓಡಿಸಿದೆ. ಅದೇ. ಗೆಳತಿಯದರಲ್ಲೂ ಅದೇ. ತಾಯಿ ಕ್ಲಾಸಿನ ಫೈಲನ್ನು ತಿದ್ದಿದ್ದು ಶನಿವಾರ, ಮೇಡಂ ಹೊರಡುವ ಹೊತ್ತಿಗೆ, ಎಂದು ಕಂಪ್ಯೂಟರ್ ತೋರಿಸಿತು. ಅವತ್ತು ಅವರು ಚೆನ್ನಾಗಿಯೇ ಇದ್ದರು. "ಸೋಮಾರ ಲಗೂ ಬರ್ರಿ," ಅಂದಿದ್ದರು ನನಗೆ.

ಹನ್ನೊಂದಕ್ಕೆ ಹುಕ್ಕೇರಿಯಿಂದ ಫೋನ್ ಬಂತು. ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕುಳಿತವರು ಹಾಗೇ ವಾಲಿಬಿಟ್ಟರಂತೆ. ಎದೆಬಡಿತ ನಿಂತಿತ್ತು.

ಅವರಿಗೆ ಎರಡು ದಿನ ಮೊದಲೇ ಹೇಗೆ ಗೊತ್ತಾಯಿತೋ...

ಈಗ ಅದೇ ಪಾಠವನ್ನು ನಾನು ಮೂಡಲಗಿಯ ಹುಡುಗಿಯರಿಗೆ ಕಲಿಸುತ್ತೇನೆ. ತಾಯಿ ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ ಮಾತು ಬರೆಸುವುದಿಲ್ಲ, ಬರೀ ಸೊನ್ನೆ ಬರೆಸುತ್ತೇನೆ. ಮೇಡಂ ಹತ್ತಿರ ಎಂಟು ತಿಂಗಳು ಕಲಿತೆ. ಆ ಮಗಳ ಹೆಸರೇನೆಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೇನೋ. ಈಗ ಆ ಮನೆಯಲ್ಲಿ ಹೇಳುವವರು ಯಾರೂ ಉಳಿದಿಲ್ಲ.