ಹುಲ್ಲಿನಲ್ಲಿ ಇಳಿಸಿದ ಪೆಟ್ಟಿಗೆ

ಗೆಳೆಯರೇ, ನಾಳೆ ಅಮೆರಿಕದ ಈ ನೇಪರ್‌ವಿಲ್ ಊರು ಬಿಟ್ಟು ಲಿವೋನಿಯಾಕ್ಕೆ ಮನೆ ಬದಲಿಸಬೇಕು; ಇವತ್ತು ಪ್ಯಾಕಿಂಗ್ ನಿಲ್ಲಿಸಿ ನನ್ನ ಗಂಡ ಕೌಬಾಯ್ ಕಾಲದ ವೆಸ್ಟರ್ನ್ ಸಿನಿಮಾ ಹಾಕಿ ಕೂತರು. ಗುಂಡಿನ ಸದ್ದೇ ಇಲ್ಲ. ವಲಸೆ ಹೊರಟ ಸಂಸಾರವೊಂದು ಎತ್ತಿನ ಗಾಡಿಯ ಜೊತೆ ನಡೆಯುತ್ತಲೇ ಇತ್ತು. ಎತ್ತುಗಳು ಸೋತಾಗ ಯಜಮಾನ ತನ್ನ ಹೆಂಡತಿಯ ತವರಿನ ಪೆಟ್ಟಿಗೆಯನ್ನು ಹುಲ್ಲಿನಲ್ಲಿ ಇಳಿಸಿಬಿಟ್ಟ.

“ಛೆ, ಅದೊಂದನ್ನಾದ್ರೂ ಇಟ್ಕೋಬಾರ್ದಿತ್ತಾ?” ಎಂದು ಇವರು ಕಣ್ಣೊರೆಸಿಕೊಂಡರು.

“ನಮ್ಮಮ್ಮನ ಒರಳುಕಲ್ಲು ಎಲ್ರೀ?” ಎಂದೆ.

“ತುಂಬಾ ಭಾರ ಕಣೇ. ಬೆಳಿಗ್ಗೆ ‘ಫ್ರೀ’ ಅಂತ ಬರೆದು ರಸ್ತೆ ಪಕ್ಕ ಇಟ್ಟೆ.”

ಹೊರಗೆ ಓಡಿದೆ. ಎದುರುಮನೆಯ ಅಂಗಳದಲ್ಲಿ ಒರಳಿನ ತುಂಬ ನೀರು, ಅಂಚಿನಲ್ಲಿ ಎರಡು ಗುಬ್ಬಿ. ಆ ಮನೆಯ ಅಜ್ಜಿ ಖುಷಿಯಿಂದ ಕೈಬೀಸಿದರು. ವಾಪಸ್ ಕೇಳದೆ ನಾನೂ ಕೈಬೀಸಿದೆ.

ಸಿನಿಮಾದವನಿಗಾದರೂ ಸೋತ ಎತ್ತುಗಳಿದ್ದವು. ನಮ್ಮ ಟ್ರಕ್ಕಿನಲ್ಲಿ ಇವರು ಒಮ್ಮೆಯೂ ನಡೆಯದ ಟ್ರೆಡ್‌ಮಿಲ್ ಆಗಲೇ ಹತ್ತಿ ಕೂತಿದೆ.