ಪೈಪಿನೊಳಗೆ ಏನಿದೆ

ಜರ್ಮನಿಯ ಕಾರ್ಲ್ಸ್‌ರುಹೆಯ ಒಂದು ಸಂಜೆ ಶಾಲೆಯಲ್ಲಿ ನಾನು ನಲವತ್ತು ನಿಮಿಷ ಇಸ್ರೇಲಿನ ಭದ್ರತಾ ಅಧಿಕಾರಿಯಾಗಿದ್ದೆ. ಹುಟ್ಟಿದ್ದು ಉಡುಪಿ ಹತ್ತಿರ, ಕೆಲಸ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವುದು, ಜರ್ಮನ್ ಅರೆಬೆಂದದ್ದು. ಇಂಥವನಿಗೆ ಅಂಥ ಹುದ್ದೆ ಕೊಟ್ಟವರು ನಮ್ಮ ಜರ್ಮನ್ ಟೀಚರಮ್ಮ.

ಆಗ ನಾನು ಬ್ಲೂ ಕಾರ್ಡ್ ಎಂಬ ಕೆಲಸದ ವೀಸಾದ ಮೇಲೆ ಇಪ್ಪತ್ತನೇ ತಿಂಗಳಲ್ಲಿದ್ದೆ. ಜರ್ಮನ್ ಭಾಷೆಯ ಬಿ-ಒನ್ ಪರೀಕ್ಷೆ ಪಾಸಾದರೆ ಇಪ್ಪತ್ತೊಂದಕ್ಕೇ ಕಾಯಂ ಪರವಾನಗಿ, ಇಲ್ಲದಿದ್ದರೆ ಮೂವತ್ತಮೂರರ ತನಕ ಕಾಯಬೇಕು. ಕಾಯುವುದರಲ್ಲಿ ನಾನು ಗಟ್ಟಿಗನೇ. ಆದರೆ ನಮ್ಮ ವಿಭಾಗವನ್ನೇ ಮುಚ್ಚುತ್ತಾರಂತೆ ಎನ್ನುವ ಸುದ್ದಿ ಆಫೀಸಿನ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ಕಾಯಂ ಪರವಾನಗಿ ಇಲ್ಲದೆ ಕೆಲಸ ಕಳೆದುಕೊಂಡರೆ, ಮೂರು ತಿಂಗಳೊಳಗೆ ಹೊಸ ಕೆಲಸ ಹುಡುಕಬೇಕು ಅಥವಾ ಸಾಮಾನು ಕಟ್ಟಬೇಕು. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಪರೀಕ್ಷೆಗೆ ಕೂರುವುದಕ್ಕೆ ಟೀಚರಮ್ಮನ ಸಹಿ ಬೇಕಿತ್ತು. ಸಹಿಗೆ ಮೊದಲು ಒಂದು ಅಭ್ಯಾಸ ಇತ್ತು: ಇಬ್ಬರು ಎದುರುಬದುರು ಕೂತು, ಕೊಟ್ಟ ವಿಷಯದ ಮೇಲೆ ಜರ್ಮನ್‌ನಲ್ಲಿ ಮಾತಾಡಿ, ಒಂದು ಒಪ್ಪಂದಕ್ಕೆ ಬರಬೇಕು.

ಪಕ್ಕದ ಕ್ಲಾಸಿನವರಿಗೆ ಪಿಕ್ನಿಕ್ ಎಲ್ಲಿಗೆ ಹೋಗುವುದು ಎಂಬ ವಿಷಯ ಕೊಟ್ಟಿದ್ದರು. ನಮ್ಮ ಟೀಚರಮ್ಮನಿಗೆ ಪಿಕ್ನಿಕ್ ಎಂದರೆ ಅಸಡ್ಡೆ. ದೊಡ್ಡವರಿಗೆ ದೊಡ್ಡ ವಿಷಯವೇ ಬೇಕು ಎಂದು ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಎಂದು ಬೋರ್ಡಿನ ಮೇಲೆ ಬರೆದರು. ಬರೆದ ಕ್ಷಣವೇ ಹೆದರಿಕೊಂಡು ಕಿಟಕಿ ತೆರೆದರು. ಯಾವುದೇ ವಿಷಯ ಬಿಸಿಯಾದರೆ ಕಿಟಕಿ ತೆರೆಯುವುದು ಅವರ ಕ್ರಮ. ನವೆಂಬರ್ ತಿಂಗಳು. ನಾವೆಲ್ಲ ಜಾಕೆಟ್ ಹಾಕಿಕೊಂಡೆವು.

ಹೆದರಿಕೆಗೆ ಕಾರಣ ಕ್ಲಾಸಿನಲ್ಲೇ ಇತ್ತು. ಪ್ಯಾಲೆಸ್ಟೀನಿನ ರಾಮಲ್ಲಾ ಕಡೆಯ ಒಬ್ಬರು ಫಾರ್ಮಸಿಸ್ಟ್ ಇದ್ದರು, ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಇಸ್ರೇಲಿನ ಹೈಫಾದ ಒಬ್ಬಳು ಹುಡುಗಿಯೂ ಇದ್ದಳು. ಇಬ್ಬರೂ ತಿಂಗಳುಗಟ್ಟಲೆ ಒಂದೇ ಬೆಂಚಿನಲ್ಲಿ ಕೂತು ಒಂದೇ ರಬ್ಬರಿನಲ್ಲಿ ತಪ್ಪು ಅಳಿಸಿಕೊಂಡವರು. ಆದರೂ ಇವರಿಬ್ಬರೂ ಈ ವಿಷಯದಲ್ಲಿ ಬಾಯಿ ಬಿಟ್ಟರೆ ಶಾಲೆಯೇ ಉಳಿಯುವುದಿಲ್ಲ ಎಂದು ಟೀಚರಮ್ಮ ತೀರ್ಮಾನಿಸಿದ್ದರು. ಅವರಿಗೆ ಗಡಿಯಾರ ನೋಡುವ ಕೆಲಸ, ಅವಳಿಗೆ ಟಿಪ್ಪಣಿ ಬರೆಯುವ ಕೆಲಸ ಕೊಟ್ಟರು. ವಿಷಯದ ಬಗ್ಗೆ ಏನೂ ಗೊತ್ತಿಲ್ಲದ ನನ್ನನ್ನೂ ಬ್ರೆಜಿಲ್‌ನಿಂದ ಬಂದ ಒಬ್ಬ ನರ್ಸಮ್ಮನನ್ನೂ ಮಾತಿಗೆ ಕೂರಿಸಿದರು.

ನನ್ನ ಚೀಟಿಯಲ್ಲಿ ಹೀಗಿತ್ತು: ನೀವು ಚೆಕ್‌ಪಾಯಿಂಟಿನ ಭದ್ರತಾ ಅಧಿಕಾರಿ, ಹೋದ ತಿಂಗಳು ಲಾರಿಯೊಂದರಲ್ಲಿ ಸ್ಫೋಟಕ ಬಂದಿತ್ತು, ಜಾಗ್ರತೆ. ನರ್ಸಮ್ಮನ ಚೀಟಿಯಲ್ಲಿ: ನೀವು ಪ್ಯಾಲೆಸ್ಟೀನಿನ ಒಂದು ಊರಿನ ಮೇಯರ್, ನೀರಿನ ಪೈಪು ಒಡೆದಿದೆ, ರಿಪೇರಿ ಲಾರಿ ಇವತ್ತು ಸಂಜೆಯೊಳಗೆ ಚೆಕ್‌ಪಾಯಿಂಟ್ ದಾಟಬೇಕು. ಯಾರು ತಪಾಸಣೆ ಮಾಡಬೇಕು, ಲಾರಿಯ ಜೊತೆ ಯಾರು ಹೋಗಬೇಕು, ಎಷ್ಟು ಗಂಟೆಗೆ ಎನ್ನುವುದನ್ನು ಒಪ್ಪಿಕೊಂಡು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ.

ಇಲ್ಲಿ ನನ್ನ ಊರಿನ ಚಾಳಿ ಅಡ್ಡ ಬಂತು. ನಾನು ಕಾಲೇಜಿನ ಕಾಲದಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳಿದವನು. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಉಟ್ಟು ಶಾಲು ಹೊದ್ದು ಚಾಪೆಯ ಮೇಲೆ ಕೂತು ಬರೀ ಬಾಯಿಯಲ್ಲಿ ಯುದ್ಧ ಮಾಡುವ ಆಟ ಅದು. ಸಂಧಾನದ ಪ್ರಸಂಗ ಬಂದರೆ, ಸಂಧಾನಕ್ಕೆ ಬಂದವನನ್ನು ಬರಿಗೈಯಲ್ಲಿ ವಾಪಸು ಕಳಿಸುವ ಪಾತ್ರ ಯಾವಾಗಲೂ ನನ್ನದೇ. ಅಲ್ಲಿ ಒಪ್ಪಿಕೊಂಡರೆ ಕತೆ ಮುಂದೆ ಹೋಗುವುದಿಲ್ಲ. ಎಷ್ಟು ಚೆನ್ನಾಗಿ ಒಪ್ಪದೇ ಇರುತ್ತೀಯೋ ಅಷ್ಟು ಚಪ್ಪಾಳೆ. ಎದುರಿನವನು ಬೆವರಿದರೆ ಪದ ಹಾಡುವ ಭಾಗವತರೂ ಮೀಸೆಯಲ್ಲೇ ನಗುತ್ತಾರೆ. ಒಪ್ಪಂದ ಮಾಡಿಕೊಂಡು ಹೆಸರು ಮಾಡಿದ ಅರ್ಥಧಾರಿಯನ್ನು ನಾನು ಇವತ್ತಿಗೂ ಕಂಡಿಲ್ಲ.

"ಲಾರಿಯಲ್ಲಿ ಏನಿದೆ?" ಎಂದು ಶುರು ಮಾಡಿದೆ.

"ಪೈಪು," ಎಂದಳು ನರ್ಸಮ್ಮ.

"ಪೈಪಿನೊಳಗೆ ಏನಿದೆ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನು ಇಷ್ಟು ದೂರ ಯಾಕೆ ತಂದಿರಿ?"

ಕ್ಲಾಸು ಗೊಳ್ಳೆಂದಿತು. ನನಗೆ ಅಷ್ಟು ಸಾಕಾಯಿತು. ಬೆನ್ನ ಹಿಂದೆ ಮದ್ದಳೆ ಕೇಳಿಸತೊಡಗಿತು. ನನಗೆ ಬರದ ಜರ್ಮನ್ ಕೂಡ ಬರತೊಡಗಿತು. ಪೈಪು ಒಡೆದಿದೆ ಎನ್ನುತ್ತೀರಿ, ಒಡೆದದ್ದನ್ನು ನಾನು ನೋಡಿಲ್ಲ, ನೋಡಬೇಕಾದರೆ ನಾನು ಆ ಕಡೆ ಬರಬೇಕು, ನಾನು ಆ ಕಡೆ ಬಂದರೆ ಈ ಕಡೆ ಕಾಯುವವರು ಯಾರು? ಡ್ರೈವರ್ ಒಳ್ಳೆಯವನು ಎನ್ನುತ್ತೀರಿ, ಒಳ್ಳೆಯ ಡ್ರೈವರ್‌ಗೆ ಕೆಟ್ಟ ಲಾರಿ ಯಾಕೆ ಕೊಟ್ಟಿರಿ? ಸ್ಪಾನರ್ ಇದೆಯೇ? ಇದೆ ಎಂದರೆ ಆಯುಧ ತಂದಿದ್ದೀರಿ. ಇಲ್ಲ ಎಂದರೆ ರಿಪೇರಿಗೆ ಬಂದವರೇ ಅಲ್ಲ.

ನರ್ಸಮ್ಮ ನಡುನಡುವೆ ಏನೋ ಹೇಳುತ್ತಿದ್ದಳು. ಒಂದು ಸಲ ಎದ್ದು ನಿಂತೇ ಹೇಳಿದಳು. ನಾನು ಅವಳು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಹೊಂಚು ಹಾಕಿದ್ದೆ. ಫಾರ್ಮಸಿಸ್ಟರು "ಇನ್ನು ಇಪ್ಪತ್ತು ನಿಮಿಷ" ಎಂದರು, ಆಮೇಲೆ "ಇನ್ನು ಹತ್ತು" ಎಂದರು. ಟೀಚರಮ್ಮ ಎರಡನೇ ಕಿಟಕಿಯನ್ನೂ ತೆರೆದರು. ಕೊನೆಯ ಐದು ನಿಮಿಷ ನಾನು ಲಾರಿಯ ಚಕ್ರದ ಗಾಳಿ ಯಾವ ದೇಶದ್ದು ಎಂಬ ಬಗ್ಗೆ ಮಾತಾಡಿದೆ. ಗಂಟೆ ಹೊಡೆಯಿತು. ಒಪ್ಪಂದದ ಹಾಳೆ ಬೆಳ್ಳಗೆ ಉಳಿದಿತ್ತು.

ನಾನು ಬೀಗುತ್ತಾ ಬೆಂಚಿನವರ ಕಡೆ ನೋಡಿದೆ. ಚೆಕ್‌ಪಾಯಿಂಟ್ ಕಂಡು ಬಲ್ಲವರು ಫಾರ್ಮಸಿಸ್ಟರು, ಹುಡುಗಿ ಇಬ್ಬರೇ ತಾನೆ.

"ಜರ್ಮನ್ ಚೆನ್ನಾಗಿದೆ," ಎಂದರು ಫಾರ್ಮಸಿಸ್ಟರು. "ಆದರೆ ಅಲ್ಲಿ ಯಾರೂ ಇಷ್ಟೆಲ್ಲ ಮಾತಾಡುವುದಿಲ್ಲ. ನಾಳೆ ಬನ್ನಿ ಅನ್ನುತ್ತಾರೆ."

ಹುಡುಗಿ ಪೆನ್ನು ಕೆಳಗಿಟ್ಟಳು. "ನಾನೂ ಸೇನೆಯಲ್ಲಿ ಆ ಕೆಲಸ ಮಾಡಿದ್ದೇನೆ. ಆಗ ಹತ್ತೊಂಬತ್ತು ವರ್ಷ ನನಗೆ. ಪ್ರತಿ ಲಾರಿಗೂ ಹೆದರಿಕೆ, ಜೊತೆಗೆ ಕಾಲು ನೋವು. ನಾಳೆ ಬನ್ನಿ ಅನ್ನುವುದು ಸುಲಭ."

"ಯಾವ ಚೆಕ್‌ಪಾಯಿಂಟು?" ಎಂದು ಅವರು ಕೇಳಿದರು. ಅವಳು ಹೇಳಿದಳು. "ಅಲ್ಲಿ ನೆರಳು ನಿಮ್ಮ ಕಡೆ ಮಾತ್ರ ಇತ್ತು," ಎಂದರು ಅವರು. ಅವಳು ಹೌದು ಎಂದು ತಲೆ ಆಡಿಸಿದಳು. ತೆರೆಯಲು ಇನ್ನು ಕಿಟಕಿ ಉಳಿದಿರಲಿಲ್ಲವಾದ್ದರಿಂದ ಟೀಚರಮ್ಮ ಬಾಗಿಲು ತೆರೆದರು.

ಆಮೇಲೆ ಅಂಕದ ಹಾಳೆ ತಂದರು. ಅದರಲ್ಲಿ ಮಾತಾಡುವುದಕ್ಕೆ ಒಂದು ಮನೆ, ಕೇಳಿಸಿಕೊಳ್ಳುವುದಕ್ಕೆ ಒಂದು ಮನೆ. ಎರಡೂ ತುಂಬಿದರೆ ಸಹಿ. ಮಾತಾಡುವ ಮನೆಯಲ್ಲಿ ನನಗೆ ಅತ್ಯುತ್ತಮ ಎಂದು ಬರೆದರು. ಕೇಳಿಸಿಕೊಳ್ಳುವ ಮನೆಗೆ ಬಂದಾಗ ಪೆನ್ನು ನಿಲ್ಲಿಸಿ ನರ್ಸಮ್ಮನತ್ತ ತಿರುಗಿದರು. "ಇವರಿಗೆ ನೀವೇ ಒಂದು ಪ್ರಶ್ನೆ ಕೇಳಿ."

ನರ್ಸಮ್ಮನ ಮುಖ ಕೆಂಪಾಗಿತ್ತು. "ನಮ್ಮ ಊರಿಗೆ ನೀರು ಇವತ್ತೇ ಯಾಕೆ ಬೇಕು ಅಂತ ಮೂರು ಸಲ ಹೇಳಿದೆ. ಏನು ಹೇಳಿದೆ?"

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ಚೀಟಿಯಲ್ಲಿ ಇಲ್ಲದ್ದು ಅದು, ಅವಳೇ ಯೋಚಿಸಿ ಹೇಳಿದ್ದು. ಅವಳ ತುಟಿ ಆಡಿದ್ದು ನೆನಪಿತ್ತು. ಒಂದು ಶಬ್ದವೂ ನೆನಪಿರಲಿಲ್ಲ. ಹೈಫಾದ ಹುಡುಗಿ ಟಿಪ್ಪಣಿ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದಳು. ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರ ನೀರಿಲ್ಲದೆ ನಿಂತಿದೆ, ಆರು ಜನ ಕಾಯುತ್ತಿದ್ದಾರೆ. ಮೂರು ಸಲ ಬರೆದು, ಮೂರನೆಯದಕ್ಕೆ ಕೆಳಗೆ ಗೆರೆ ಎಳೆದಿದ್ದಳು.

ನರ್ಸಮ್ಮನಿಗೆ ಸಹಿ ಸಿಕ್ಕಿತು. ನನಗೆ ಮುಂದಿನ ಬ್ಯಾಚಿಗೆ ಬರುವಂತೆ ಹೇಳಿದರು. ಟ್ರಾಮಿನಲ್ಲಿ ಬರುವಾಗ ಪರವಾನಗಿಯ ಚಿಂತೆ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ. ಸುಳ್ಳು ಹೇಳಬಾರದು, ಚಕ್ರದ ಗಾಳಿಯ ವಿಷಯದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆಯಲ್ಲಿ ಹೆಂಡತಿ ಅಂಗಡಿಗೆ ವಾಪಸು ಕೊಡಬೇಕಾದ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. "ಎಂತ ಆಯ್ತು ಮಾರಾಯ್ರೆ, ಸಹಿ ಸಿಕ್ಕಿತಾ?"

ಸಿಗಲಿಲ್ಲ ಎಂಬುದನ್ನು ಕೊನೆಗೆ ಇಟ್ಟುಕೊಂಡು, ಮೊದಲಿನಿಂದ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಪೈಪು, ಸ್ಪಾನರ್, ಕಿಟಕಿಗಳು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಯಾಲಿಸಿಸ್ ಸಂಗತಿ ಬಂದಾಗ ನಗು ನಿಂತಿತು. ಪರೀಕ್ಷೆಯ ಕತೆ ಏನು, ಕೆಲಸ ಹೋದರೆ ಏನು ಗತಿ ಎಂದು ಕೇಳುತ್ತಾಳೆ ಎಂದುಕೊಂಡು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ.

"ಅದೆಲ್ಲ ಇರ್ಲಿ," ಎಂದಳು. "ಆ ಊರಿಗೆ ನೀರು ಹೋಯ್ತಾ ಇಲ್ವಾ?"

"ಇಲ್ಲ," ಎಂದೆ. "ನಾನು ಬಿಡ್ಲಿಲ್ಲ."